ಕಂಪೆನಿ ಖಾಸಗಿ, ಕಡತ ಸರ್ಕಾರದ್ದು

ಹೊನ್ನಾವರದ ಕಾಸರಕೋಡ ಟೊಂಕದಲ್ಲಿ ಖಾಸಗಿ ಬಂದರಿಗೆಂದು ಸರ್ಕಾರ 2010ರಲ್ಲಿ ಜಾಗವನ್ನು ಗುತ್ತಿಗೆಗೆ ಕೊಟ್ಟಿತು. ಅಂದಿನಿಂದ ಅಲ್ಲಿನ ಮೀನುಗಾರ ಕುಟುಂಬಗಳಿಗೆ ಇರುವ ಪ್ರಶ್ನೆಗಳು ಸರಳವಾದವು. ಗಡಿ ಎಲ್ಲಿಯವರೆಗೆ? ರಸ್ತೆ ಯಾರ ಅಂಗಳದಲ್ಲಿ ಹಾಯುತ್ತದೆ? ಮೀನು ಒಣಗಿಸುವ ಹೆಂಗಸರಿಗೆ ಜಾಗ ಉಳಿಯುತ್ತದೆಯೇ? ಇಂಥದ್ದನ್ನು ಕೇಳಿಕೊಂಡು ಕಚೇರಿಗೆ ಹೋದವರಿಗೆ ನಮ್ಮ ಕರಾವಳಿಯಲ್ಲಿ ಸುಲಭವಾಗಿ ಸಿಗುವ ಉತ್ತರ, "ಅದು ಕಂಪೆನಿಯವರ ವಿಷಯ."

ಈ ಉತ್ತರ ಅರ್ಧ ಮಾತ್ರ ಸರಿ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಖಾಸಗಿ ಕಂಪೆನಿಗೆ ನೇರವಾಗಿ ಅರ್ಜಿ ಹಾಕಲು ಬರುವುದಿಲ್ಲ, ನಿಜ. ಆದರೆ ಬೇರೊಂದು ಕಾನೂನಿನ ಬಲದಿಂದ ಸರ್ಕಾರಿ ಕಚೇರಿ ಆ ಕಂಪೆನಿಯಿಂದ ಪಡೆಯಬಹುದಾದ ವಿವರವೂ ಸಾರ್ವಜನಿಕರು ಕೇಳಬಹುದಾದ ಮಾಹಿತಿಯೇ ಎಂದು ಕಲಂ 2(ಎಫ್) ಹೇಳುತ್ತದೆ. ಗುತ್ತಿಗೆ ಕರಾರನ್ನು ಬಂದರು ಕಂಪೆನಿಯ ಬಾಗಿಲಲ್ಲಿ ಕೇಳಬೇಕಿಲ್ಲ, ಸರ್ಕಾರದ ಕಡತದಲ್ಲಿ ಕೇಳಿದರಾಯಿತು. ಹೆದ್ದಾರಿ 66ರ ಗುತ್ತಿಗೆ ಐ.ಆರ್.ಬಿ. ಕಂಪೆನಿಯದ್ದು. ಆದರೆ ಕುಮಟಾದ ಹೊಳೆಗದ್ದೆ ಟೋಲ್‌ನ ಲೆಕ್ಕವಾಗಲಿ, ಭಟ್ಕಳದ ಸರ್ವಿಸ್ ರಸ್ತೆಯ ನಕ್ಷೆಯಾಗಲಿ ಬೇಕಿದ್ದರೆ ಅರ್ಜಿ ಹೋಗಬೇಕಾದ್ದು ಹೆದ್ದಾರಿ ಪ್ರಾಧಿಕಾರಕ್ಕೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದ ಮೇಲೆ, ಮನೆಯ ಹಿಂದಿನ ಗುಡ್ಡವನ್ನು ಎಷ್ಟು ಕಡಿಯಲು ಒಪ್ಪಿಗೆ ಇತ್ತು ಎಂದು ಕೇಳುವುದು ಅಧಿಕಪ್ರಸಂಗವಲ್ಲ.

ಕಂಪೆನಿಗಳಿಗೂ ಕಾನೂನು ರಕ್ಷಣೆ ಕೊಟ್ಟಿದೆ. ಗೋಪ್ಯವೆಂದು ಕೊಟ್ಟ ಮಾಹಿತಿಯನ್ನು ಹೊರಗೆ ಬಿಡುವ ಮುಂಚೆ ಅಧಿಕಾರಿ 5 ದಿನದೊಳಗೆ ಕಂಪೆನಿಗೆ ನೋಟಿಸ್ ಕಳಿಸಬೇಕು. ಕಂಪೆನಿಗೆ ಆಕ್ಷೇಪಣೆಗೆ 10 ದಿನ. ಅರ್ಜಿ ಬಂದ 40 ದಿನದೊಳಗೆ ತೀರ್ಮಾನ. ತೀರ್ಮಾನ ಅಧಿಕಾರಿಯದ್ದು, ಕಂಪೆನಿಯದ್ದಲ್ಲ ಎಂಬುದನ್ನು ಗಮನಿಸಬೇಕು. ವ್ಯಾಪಾರದ ಗುಟ್ಟು ಎಂದರೂ ಸಾರ್ವಜನಿಕ ಹಿತ ದೊಡ್ಡದಿದ್ದರೆ ಕೊಡಬೇಕಾಗುತ್ತದೆ. "ಕಂಪೆನಿ ಒಪ್ಪಿಲ್ಲ" ಎಂಬ ಒಂದೇ ಸಾಲಿನ ಹಿಂಬರಹ ಕಾಯ್ದೆಗೆ ಒಪ್ಪುವಂಥದ್ದಲ್ಲ ಎಂಬುದು ನಮ್ಮ ಅಭಿಪ್ರಾಯ.

ಅರ್ಜಿಯೇ ಬೇಡದ ದಾಖಲೆಯೂ ಇದೆ. 2006ರ ಪರಿಸರ ಅಧಿಸೂಚನೆಯ ಪ್ರಕಾರ ಅನುಮತಿ ಪಡೆದ ಯೋಜನೆಯವರು ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಷರತ್ತು ಪಾಲನೆಯ ವರದಿ ಸಲ್ಲಿಸಬೇಕು. ಅದು ಸಾರ್ವಜನಿಕ ದಾಖಲೆ. ಊರಿನವರು ಇದನ್ನು ಓದುವ ರೂಢಿ ಮಾಡಿಕೊಂಡರೆ ಕಂಪೆನಿಯವರು ಬರೆಯುವಾಗ ಕೈ ಬಿಗಿಹಿಡಿಯುತ್ತಾರೆ.

ಬೇರೆಯವರಿಗೆ ಹೇಳುವಾಗ ನಮ್ಮ ಮನೆಯನ್ನೂ ನೋಡಿಕೊಳ್ಳಬೇಕಲ್ಲವೇ? ಸರ್ಕಾರದಿಂದ ಗಣನೀಯ ಹಣ ಪಡೆಯುವ ಖಾಸಗಿ ಸಂಸ್ಥೆಗಳೂ ಈ ಕಾಯ್ದೆಗೆ ಒಳಪಡುತ್ತವೆ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಡಿ.ಎ.ವಿ. ಕಾಲೇಜು ಟ್ರಸ್ಟ್ ಪ್ರಕರಣದಲ್ಲಿ ತೀರ್ಪಿತ್ತಿದೆ. ಅನುದಾನದಿಂದ ಸಂಬಳ ಕೊಡುವ ನಮ್ಮ ಶಾಲೆಗಳ ವ್ಯವಸ್ಥಾಪಕರು ಅರ್ಜಿ ಬಂದಾಗ ಮುಖ ಸಿಂಡರಿಸದೆ ಈ ತೀರ್ಪನ್ನು ಓದಿಕೊಳ್ಳುವುದು ಒಳಿತು.

ಅರ್ಜಿ ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ರಾಜ್ಯದ ಕಚೇರಿಗಳಿಗೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿಯೊಳಗೆ. ಕೇಂದ್ರದ ಕಚೇರಿಗೂ ಕನ್ನಡದಲ್ಲಿ ಬರೆಯಬಹುದು. "ಏಕೆ ಹೀಗಾಯಿತು" ಎಂದು ಕೇಳಬೇಡಿ. "ಕರಾರಿನ ಪ್ರತಿ ಕೊಡಿ, ನಕ್ಷೆಯ ಪ್ರತಿ ಕೊಡಿ" ಎಂದು ಕೇಳಿ, ಸ್ವೀಕೃತಿಯನ್ನು ಜೋಪಾನವಾಗಿಡಿ.