ಚಕ್ರಬಡ್ಡಿ ಗೊತ್ತು, ಇದೇನು ಚಕ್ರಬಿಲ್ಲು?

ದಸರಾ ರಜೆಗೆ ಬೆಂಗಳೂರಿನಿಂದ ಬಂದ ಮೊಮ್ಮಗ ಚಪ್ಪಲಿ ಬಿಡುವ ಮೊದಲೇ ಹೇಳಿದ, "ತಾತ, ನನಗೊಂದು ಕಾಂಪೌಂಡ್ ಬಿಲ್ಲು ಬೇಕು."

ಅಡುಗೆಮನೆಯಿಂದ ಅವನ ಅಜ್ಜಿ ಕೂಗಿದಳು, "ಕಾಂಪೌಂಡ್ ಬಿಲ್ಲು ಹೋದ ವರ್ಷವೇ ಕೊಟ್ಟಾಯ್ತಲ್ಲ, ಗಾರೆ ಕೆಲಸದವರಿಗೆ! ಮತ್ತೇನಂತೆ?"

ಅವಳದ್ದೇನೂ ತಪ್ಪಿಲ್ಲ. ನನಗೂ ಕಾಂಪೌಂಡ್ ಅಂದರೆ ಒಂದು ಗೋಡೆ, ಇನ್ನೊಂದು ಚಕ್ರಬಡ್ಡಿ. ಬಿ.ಕಾಂ. ಓದಿ ಜೀವಮಾನವೆಲ್ಲ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತವನಿಗೆ ಇನ್ನೇನು ಹೊಳೆದೀತು? ಹುಡುಗ ಮೊಬೈಲ್ ತೋರಿಸಿದ. ಅದರಲ್ಲಿ ಒಬ್ಬಾತ ಎರಡು ತುದಿಗೂ ಗಾಲಿ ಇರುವ ಬಿಲ್ಲು ಹಿಡಿದು, ಕರೆಂಟು, ಅಂಗಡಿ, ಫೋನು ಎಲ್ಲ ನಿಂತುಹೋದ ದಿನಕ್ಕೆ ಪ್ರತಿ ಮನೆಯಲ್ಲೂ ಇಂಥದ್ದೊಂದು ಇರಬೇಕು ಎನ್ನುತ್ತಿದ್ದ.

"ಯಾತಕ್ಕೆ ಬೇಕು ನಿನಗೆ?" ಅಂದೆ.

"ತುರ್ತು ಪರಿಸ್ಥಿತಿಗೆ."

ನನ್ನ ವಯಸ್ಸಿನವರಿಗೆ ಆ ಮಾತು ಕಿವಿಗೆ ಬಿದ್ದರೆ 1975 ನೆನಪಾಗುತ್ತದೆ. ಎಂಟನೇ ತರಗತಿಯವನಿಗೆ ಅದೆಲ್ಲ ಎಲ್ಲಿ ಗೊತ್ತು! ಆಗಲ್ಲ ಅಂತ ಒಂದೇ ಮಾತಿನಲ್ಲಿ ತಳ್ಳಿಹಾಕಬಹುದಿತ್ತು. ಆದರೆ ಅರ್ಜಿ ಓದದೆ ತಿರಸ್ಕರಿಸುವುದು ನಮ್ಮ ಬ್ಯಾಂಕಿನ ಪದ್ಧತಿಯಲ್ಲ. ಒಂದು ಬಿಳಿ ಹಾಳೆ ಕೊಟ್ಟು, "ವಸ್ತು, ಉದ್ದೇಶ, ಜಾಮೀನು, ಮೂರೂ ಬರೆದುಕೊಂಡು ಬಾ. ಪರಿಶೀಲಿಸೋಣ" ಅಂದೆ.

ಮೊದಲು ವಸ್ತು. ಎರಡು ದಿನ ಕೂತು ಓದಿದೆ. ಮಕ್ಕಳೇ, ಈ ಬಿಲ್ಲು ನಿಜಕ್ಕೂ ಸೊಗಸಾದ ಯಂತ್ರ. ಮಾಮೂಲಿ ಬಿಲ್ಲನ್ನು ಎಳೆದಷ್ಟೂ ಭಾರ ಹೆಚ್ಚುತ್ತದೆ. ಪೂರ್ತಿ ಎಳೆದು ಗುರಿ ನೋಡುವ ಹೊತ್ತಿಗೆ ಕೈ ನಡುಗುತ್ತದೆ. ಅಮೆರಿಕದ ಮಿಸ್ಸೂರಿಯ ಹಾಲೆಸ್ ವಿಲ್ಬರ್ ಆಲೆನ್ ಎಂಬಾತ ಇದಕ್ಕೊಂದು ಉಪಾಯ ಹುಡುಕಿ 1966ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ, 1969ರಲ್ಲಿ ಸಿಕ್ಕಿತು. ನಾನಾಗ ಕಾಲೇಜಿನಲ್ಲಿ ಖರ್ಚು ಜಮೆ ಕಲಿಯುತ್ತಿದ್ದೆ.

ಉಪಾಯ ಏನೆಂದು ತೋರಿಸಲು ಅಟ್ಟದಿಂದ ಹಳೆಯ ಚನ್ನಪಟ್ಟಣದ ಆಟದ ಗಾಡಿ ಇಳಿಸಿದೆ. ಅದರ ಒಂದು ಅರಗಿನ ಚಕ್ರ ಬಿಚ್ಚಿ, ನಡುವಿನ ತೂತು ಬಿಟ್ಟು ಅಂಚಿನ ಹತ್ತಿರ ಇನ್ನೊಂದು ತೂತು ಕೊರೆದು, ಮೊಳೆ ಹಾಕಿ, ಸುತ್ತ ದಾರ ಸುತ್ತಿದೆ. ಬಾವಿಯ ರಾಟೆ ನಡುವಿನ ಅಚ್ಚಿನ ಮೇಲೆ ತಿರುಗುತ್ತದೆ, ಹಗ್ಗದ ಭಾರ ಒಂದೇ ಸಮ. ನಮ್ಮ ಚಕ್ರ ಓರೆಯಾಗಿ ತಿರುಗಿತು. ದಾರ ಮೊಳೆಯಿಂದ ದೂರ ಸರಿದಾಗ ತಿರುಗಿಸುವುದು ಸಲೀಸು, ಹತ್ತಿರ ಬಂದಾಗ ಬಿಗಿ. ಉದ್ದ ಹಾರೆಯಿಂದ ಕಲ್ಲು ಮೀಟಿದಂತೆ. ಬಿಲ್ಲಿನ ತುದಿಯ ಚಕ್ರಗಳ ಗುಟ್ಟು ಇಷ್ಟೇ. ಅದನ್ನು ಕ್ಯಾಮ್ ಎನ್ನುತ್ತಾರೆ. ನಮ್ಮ ಮನೆಯಲ್ಲಂತೂ ಅದರ ಹೆಸರು ಚಕ್ರಬಿಲ್ಲು ಎಂದಾಯಿತು.

60 ಪೌಂಡಿನ ಬಿಲ್ಲು ಅಂದರೆ 27 ಕೆ.ಜಿ. ಎಳೆತ. ಚಕ್ರ ತಿರುಗಿ ಪೂರ್ತಿ ಎಳೆದಾಗ ಶೇಕಡಾ 80ರಷ್ಟು ಭಾರ ಇಳಿಯುವ ಬಿಲ್ಲುಗಳಿವೆ. ಆಗ ಕೈಗೆ ಉಳಿಯುವುದು 12 ಪೌಂಡ್, ಸುಮಾರು ಐದೂವರೆ ಕೆ.ಜಿ. ಬಡ್ಡಿಯಲ್ಲಿ ಇಂಥ ರಿಯಾಯಿತಿ ನಾನು ಯಾರಿಗೂ ಕೊಡಿಸಿದ್ದಿಲ್ಲ.

ಆರಿಸುವಾಗ ಬಣ್ಣ, ಬೆಲೆ ಆಮೇಲೆ. ಮೊದಲು ಎಳೆಯುವವರ ಅಳತೆ. ಎರಡೂ ಕೈ ಚಾಚಿ ನಿಂತು, ಬೆರಳ ತುದಿಯಿಂದ ಬೆರಳ ತುದಿಗೆ ಎಷ್ಟು ಇಂಚು ನೋಡಿ ಎರಡೂವರೆಯಿಂದ ಭಾಗಿಸಬೇಕು. ಹುಡುಗನದು 60 ಇಂಚು, ಅಂದರೆ ಎಳೆತದ ಉದ್ದ 24. ಅವನ ತಂಗಿಯೂ ಗೋಡೆಗೆ ಅಂಟಿ ನಿಂತು ಅಳೆಸಿಕೊಂಡಳು. ಬೆಳೆಯುವ ಮಕ್ಕಳಿಗೆ ಉದ್ದವನ್ನೂ ಭಾರವನ್ನೂ ಹೊಂದಿಸಿಕೊಳ್ಳಬಹುದಾದ ಬಿಲ್ಲೇ ಸರಿ. ಭಾರ ಆದಷ್ಟೂ ಕಡಿಮೆಯಿಂದ ಶುರುವಾಗಬೇಕು. ಜಮ್ಮು-ಕಾಶ್ಮೀರದ ಕಿಶ್ತವಾರದ ಶೀತಲ್ ದೇವಿ ಎಂಬ ಹುಡುಗಿಗೆ ಹುಟ್ಟಿನಿಂದ ತೋಳುಗಳೇ ಇಲ್ಲ. ಕಾಲಿನಲ್ಲಿ ಬಿಲ್ಲು ಹಿಡಿದು ಭುಜದಿಂದ ಎಳೆದು, 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ರಾಕೇಶ್ ಕುಮಾರ್ ಜತೆ ಕಂಚು ಗೆದ್ದದ್ದು ಇದೇ ಬಗೆಯ ಬಿಲ್ಲಿನಲ್ಲಿ. ಆ ವಿಡಿಯೋವನ್ನು ಮೊಮ್ಮಗಳು ಎಷ್ಟು ಸಲ ನೋಡಿದಳೋ! 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೂ ಈ ಬಿಲ್ಲು ಮೊದಲ ಬಾರಿ ಕಾಲಿಡುತ್ತಿದೆ.

ಇಲ್ಲಿಯವರೆಗೆ ಅರ್ಜಿ ಚೆನ್ನಾಗಿಯೇ ಸಾಗುತ್ತಿತ್ತು. ಇನ್ನೊಂದು ಪರೀಕ್ಷೆ ಬಾಕಿ ಇತ್ತು, ಕಣ್ಣಿನದು. ಎರಡು ಅಂಗೈ ಜೋಡಿಸಿ ನಡುವೆ ತ್ರಿಕೋನದಷ್ಟು ಕಿಂಡಿ ಬಿಟ್ಟು, ಅದರೊಳಗಿಂದ ದೂರದ್ದೊಂದನ್ನು ನೋಡಬೇಕು. ಆಮೇಲೆ ಒಂದೊಂದೇ ಕಣ್ಣು ಮುಚ್ಚಬೇಕು. ಯಾವ ಕಣ್ಣಿಗೆ ಅದು ಕಿಂಡಿಯಲ್ಲೇ ಉಳಿಯುತ್ತದೋ ಅದು ಯಜಮಾನ ಕಣ್ಣು. ಬಿಲ್ಲು ಎಡಗೈಯದೋ ಬಲಗೈಯದೋ ಎಂದು ಆರಿಸುವುದು ಅದರ ಮೇಲೆ. ಮಕ್ಕಳಿಬ್ಬರೂ ತಾರಸಿಗೆ ಹೋಗಿ ರಾಮದೇವರ ಬೆಟ್ಟದ ಬಂಡೆಯನ್ನು ಕಿಂಡಿಯಲ್ಲಿ ಹಿಡಿದರು. ಇಬ್ಬರದೂ ಬಲಗಣ್ಣು.

"ತಾತ, ನಿನ್ನದು ಯಾವುದು?"

ನಾನು ಕೈ ಎತ್ತಲಿಲ್ಲ. "ಕೂತ್ಕೊಳ್ಳಿ, ಒಂದು ವಿಷಯ ಹೇಳಬೇಕು" ಅಂದೆ. ಅವರ ಅಪ್ಪನಿಗೂ ನಾನು ಹೇಳದೆ ಇದ್ದದ್ದು.

ನಮ್ಮದು ಮಾಗಡಿ ತಾಲ್ಲೂಕಿನ ಒಂದು ಹಳ್ಳಿ. ನನಗೆ 10 ವರ್ಷ. ಊರಿನಲ್ಲಿ ಕುರುಕ್ಷೇತ್ರ ನಾಟಕ ಆಡಿದ್ದರು. ಮಾರನೇ ದಿನದಿಂದ ಊರಿನ ಹುಡುಗರೆಲ್ಲ ಬಿಲ್ಲುಗಾರರೇ. ಬಿದಿರು ಬಗ್ಗಿಸಿ ಹುರಿ ಕಟ್ಟಿದ ಬಿಲ್ಲು, ಮುರಿದ ಛತ್ರಿಯ ಕಡ್ಡಿಯ ಬಾಣ. ನಾನು ಅರ್ಜುನ, ನನ್ನ ಗೆಳೆಯ ಕರ್ಣ. ಕಣದ ಆ ಕಡೆ ಹುಲ್ಲಿನ ಮೆದೆಯ ಹಿಂದೆ ಅವನು ಬಗ್ಗಿ ಕೂತಿದ್ದ. ನಾನು ಬಿಟ್ಟದ್ದು ಮೆದೆಗೆ. ಅವನು ತಲೆ ಎತ್ತಿದ.

ಎಡಗಣ್ಣು. ಎತ್ತಿನಗಾಡಿಯಲ್ಲಿ ಮಾಗಡಿಗೆ, ಅಲ್ಲಿಂದ ಬಸ್ಸಿನಲ್ಲಿ ಬೆಂಗಳೂರಿಗೆ ಕರೆದುಕೊಂಡು ಹೋದರು. ಒಂದು ತಿಂಗಳ ಮೇಲೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ವಾಪಸು ಬಂದ. ಅವರಪ್ಪ ನನಗೆ ಒಂದೇಟು ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. 1987ರಲ್ಲಿ ಟಿ.ವಿ.ಯಲ್ಲಿ ರಾಮಾಯಣ ಬಂದಾಗ ಮನೆ ಮನೆಯ ಮಕ್ಕಳೂ ಬಿಲ್ಲು ಹಿಡಿದಿದ್ದು ನನ್ನ ವಯಸ್ಸಿನವರಿಗೆ ನೆನಪಿರಬೇಕು. ನಾನಾಗ ನಮ್ಮ ಬೀದಿಯ ಮಕ್ಕಳ ಕೈಯಿಂದ ಬಿಲ್ಲು ಕಿತ್ತು ಒಲೆಗೆ ಹಾಕಿದ್ದೆ. ಸಿಡುಕ ಎಂಬ ಹೆಸರು ಬಂತು. ಯಾಕೆಂದು ಯಾರಿಗೂ ಹೇಳಲಿಲ್ಲ.

ಮೊಮ್ಮಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ನ್ಯಾಯವಾಗಿಯೇ ಕೇಳಿದ, "ಅದು ಕಡ್ಡಿ ಬಿಲ್ಲು ತಾತ, ಇದು ಬೇರೆಯಲ್ಲವಾ?"

ಬೇರೆಯೇ. ಒಳ್ಳೆಯ ಚಕ್ರಬಿಲ್ಲಿನ ಬಾಣ ಸೆಕೆಂಡಿಗೆ 90 ಮೀಟರ್ ಹೋಗಬಲ್ಲದು. ಸ್ಪರ್ಧೆಯಲ್ಲಿ ಗುರಿ ಇರುವುದು 50 ಮೀಟರ್ ದೂರ. ನಮ್ಮದು 30 ಅಡಿ ಅಗಲ, 40 ಅಡಿ ಉದ್ದದ ಸೈಟು, ಹಿಂದೆ ಪಕ್ಕದ ಮನೆಯವರ ಬಟ್ಟೆ ಒಗೆಯುವ ಕಲ್ಲು. ಈ ಬಿಲ್ಲಿಗೆ ನಮ್ಮ ಕಾಂಪೌಂಡ್ ಎಲ್ಲಿ ಸಾಕು? ಇನ್ನೊಂದು ಸಂಗತಿ, ಬಾಣ ಹೂಡದೆ ಎಳೆದು ಸುಮ್ಮನೆ ಬಿಟ್ಟರೂ ಇದು ಕೈಯಲ್ಲೇ ಸಿಡಿಯಬಹುದು. ಬಾಣಕ್ಕೆ ಹೋಗಬೇಕಾದ ಶಕ್ತಿಯೆಲ್ಲ ಬಿಲ್ಲಿಗೇ ಹೊಡೆಯುತ್ತದೆ. ಇದರ ಹಗ್ಗ ಬದಲಿಸಲು ಬಿಲ್ಲನ್ನು ಅದುಮಿ ಹಿಡಿಯುವ ಬೇರೊಂದು ಯಂತ್ರ ಬೇಕು. ಅಂಗಡಿ, ಕರೆಂಟು ಎಲ್ಲ ನಿಂತ ದಿನಕ್ಕೆಂದು ತಂದ ವಸ್ತುವಿಗೆ ರಿಪೇರಿಗೆ ಅಂಗಡಿಯೇ ಬೇಕು! ಅರ್ಜಿಯ ಈ ಭಾಗ ಅಲ್ಲೇ ಬಿತ್ತು.

ಇನ್ನು ಉದ್ದೇಶ. "ನಮ್ಮ ಕಡೆ ತುರ್ತು ಅಂದರೆ ಏನು, ನೀನೇ ಹೇಳು" ಅಂದೆ. 2022ರ ಆಗಸ್ಟ್ ಕೊನೆಯ ಮಳೆ ಅವನಿಗೆ ಮಸುಕಾಗಿ ನೆನಪಿತ್ತು. ರಾಮನಗರದ ಹತ್ತಿರ ಬೆಂಗಳೂರು–ಮೈಸೂರು ಹೆದ್ದಾರಿಯೇ ಕೆರೆಯಾಗಿ ವಾಹನಗಳು ನಿಂತುಬಿಟ್ಟಿದ್ದವು. ಆ ರಾತ್ರಿ ನಮ್ಮ ಬೀದಿಗೆ ನೀರು ಬಂದಾಗ ನಾನು ಹುಡುಕಿದ್ದು ಟಾರ್ಚು. ಸಿಕ್ಕಿತು, ಆದರೆ ಸೆಲ್ ಇಳಿದುಹೋಗಿತ್ತು. ಅಜ್ಜಿಯ ಬಿ.ಪಿ. ಮಾತ್ರೆ ಕೆಳಗಿನ ಡ್ರಾಯರಿನಲ್ಲಿ ನೆನೆದು ಹಿಟ್ಟಾಗಿತ್ತು. ಊರಿನವರಿಗೆಲ್ಲ ದಾಖಲೆ ಜೋಪಾನ ಮಾಡಿ ಎಂದು ಹೇಳುತ್ತಿದ್ದ ನಾನು ನನ್ನ ಪಾಸ್‌ಬುಕ್ಕನ್ನು ಬಟ್ಟೆ ಒಣಗಿಸುವ ತಂತಿಗೆ ಹಾಕಿ ಒಣಗಿಸಿದೆ.

ಆನೆ ಬಂದರೆ? ಅದನ್ನೂ ಕೇಳಿದ. ಕನಕಪುರ, ಚನ್ನಪಟ್ಟಣದ ಕಾಡಂಚಿನಲ್ಲಿ ಅದು ಉತ್ಪ್ರೇಕ್ಷೆಯ ಮಾತಲ್ಲ. ಕನಕಪುರದ ಕಡೆ ನನ್ನ ಭಾವಮೈದನ ರಾಗಿ ಹೊಲಕ್ಕೆ ಆನೆ ಬಂದು ಹೋಗುವುದುಂಟು. ಆನೆಗೆ ಬಾಣ ಹೊಡೆಯುವುದು 1972ರ ವನ್ಯಜೀವಿ ಕಾಯಿದೆ ಪ್ರಕಾರ ಅಪರಾಧ. ಕಾಯಿದೆ ಇರಲಿ, ಗಾಯಗೊಂಡ ಆನೆ ಮರುದಿನ ಯಾರ ಮೇಲೆ ತಿರುಗೀತು? ಭಾವಮೈದ ರಾತ್ರಿ ಸದ್ದು ಕೇಳಿದರೆ ಹೊರಗೆ ಕಾಲಿಡುವುದಿಲ್ಲ, ಅರಣ್ಯ ಇಲಾಖೆಗೆ ಫೋನ್ ಮಾಡುತ್ತಾನೆ. ಅದರ ಸಹಾಯವಾಣಿ 1926. ಮಿಕ್ಕ ಯಾವ ಅಪಾಯಕ್ಕೂ 112. ಮೊಮ್ಮಗಳು ಎರಡೂ ನಂಬರನ್ನು ದಪ್ಪ ಅಕ್ಷರದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದಳು.

ಹುಡುಗ ಅರ್ಜಿ ತಿದ್ದಿ ಬರೆದ. ವಸ್ತು ಕಲಂನಲ್ಲಿ ಟಾರ್ಚು ಎರಡು, ಬೇರೆ ಸೆಲ್ಲು, ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಂದು ವಾರದ ಮಾತ್ರೆ, ಕುಡಿಯುವ ನೀರಿನ ಕ್ಯಾನು, ಸೀಟಿ. ಸೀಟಿ ಅವನದೇ ಯೋಚನೆ, ನನಗೆ ಹೊಳೆದಿರಲಿಲ್ಲ. ಕೊನೆಗೆ ಸಣ್ಣಗೆ, "ಬೇಸಿಗೆ ರಜೆಯಲ್ಲಿ ತರಬೇತುದಾರರ ಹತ್ತಿರ ಬಿಲ್ಲುಗಾರಿಕೆ ಕಲಿಯಲು ಶುಲ್ಕ, ಇಬ್ಬರಿಗೆ. ಬಿಲ್ಲು ಅವರದ್ದೇ."

"ಜಾಮೀನುದಾರ?"

"ನೀನೇ ಹೇಳು ತಾತ."

ಭಾನುವಾರ ಇಬ್ಬರನ್ನೂ ಕರೆದುಕೊಂಡು ಮಾಗಡಿ ಬಸ್ಸು ಹತ್ತಿದೆ. ಗೆಳೆಯ ಜಗುಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದ. ಮೊಮ್ಮಗ ಅರ್ಜಿ ಕೊಟ್ಟು, ಕಿಂಡಿಯ ಪರೀಕ್ಷೆಯನ್ನೂ ವಿವರಿಸಿದ. ಪಾಪ, ಹುಡುಗನಿಗೆ ನಡುವೆ ಜ್ಞಾಪಕ ಬಂದು ಮಾತು ನಿಂತಿತು.

ಗೆಳೆಯ ನಕ್ಕ. "ನಂಗೆ ಆ ಪರೀಕ್ಷೆ ಬ್ಯಾಡ ಕಣಪ್ಪ. ನಮ್ ಕಣ್ಣಲ್ಲಿ ಎಲೆಕ್ಷನ್ನೇ ಇಲ್ಲ, ಅವಿರೋಧ ಆಯ್ಕೆ." ತಲೆಯನ್ನು ಓರೆ ಮಾಡಿ, ಬಲಗಣ್ಣಿನ ಹತ್ತಿರ ಹಾಳೆ ಹಿಡಿದು ಪೂರ್ತಿ ಓದಿದ.

ಆಗ ಮೊಮ್ಮಗಳು ಕೇಳಿಬಿಟ್ಟಳು, "ನಮ್ಮ ತಾತ ನಿಮಗೆ ಸಾರಿ ಕೇಳಿದ್ರಾ?"

"ಇಲ್ಲ ಕಣವ್ವ. ಆದ್ರೆ ಇವ್ನು ಮಾಗಡಿ ಬ್ರಾಂಚಲ್ಲಿದ್ದಷ್ಟು ದಿನ ನನ್ ಚಲನ್ ಒಂದನ್ನೂ ನಾನು ಬರೀಲಿಲ್ಲ. ಕೌಂಟರಿಂದ ಎದ್ ಬಂದು ಬರ್ಕೊಡ್ತಿದ್ದ."

60 ವರ್ಷ ದಾಟಿತ್ತು. ಜಗುಲಿಯ ಮೇಲೆ ಅವನ ಪಕ್ಕ ಕೂತು, ಮಕ್ಕಳ ಎದುರಿಗೇ ಕೇಳಿದೆ.

ಅವನು ಏನೂ ಹೇಳಲಿಲ್ಲ. ನನ್ನ ಜೇಬಿನಿಂದ ಪೆನ್ನು ತೆಗೆದುಕೊಂಡು, "ಎಲ್ಲಿ ಹಾಕ್ಬೇಕು ಮಗ?" ಎಂದು ಹುಡುಗನನ್ನು ಕೇಳಿದ.