ಲಾಗ್ ಟೇಬಲಿನ ಬಲತುದಿಯ ಕಂಬಸಾಲು

ನಮ್ಮ ಧಾರವಾಡದ ಅಕ್ಷಾಂಶವು ಸುಮಾರು 15 ಅಂಶ 27 ಕಲೆ. ಈ ಕೋನದ ಸೈನ್ ಎಷ್ಟೆಂದು ಕೇಳಿದೊಡನೆ, ಲಾಗ್ ಟೇಬಲನ್ನು ತೊಡೆಯ ಮೇಲಿರಿಸಿಕೊಂಡು ಗಣಿತವನ್ನಭ್ಯಸಿಸಿದ ಯಾವ ವಿದ್ಯಾರ್ಥಿಯಾದರೂ 24 ಕಲೆಯ ಕೆಳಗಿರುವ 0.2656 ಎಂಬುದನ್ನು ಗುರುತಿಸಿ, ಉಳಿದ 3 ಕಲೆಗಳಿಗಾಗಿ ಬಲತುದಿಯ ‘ಮೀನ್ ಡಿಫರೆನ್ಸ್’ ಕಂಬಸಾಲಿನಿಂದ 8 ಅನ್ನು ತೆಗೆದು ಕೂಡಿಸಿ, 0.2664 ಎಂದು ಉತ್ತರವೀಯುವನು. ಆ ಎಂಟು ಎಲ್ಲಿಂದ ಬಂದಿತು?

1715ರಲ್ಲಿ ಬ್ರೂಕ್ ಟೇಲರನು ಪ್ರಕಟಿಸಿದ ಶ್ರೇಢಿಯ ಎರಡನೆಯ ಪದವೇ ಅದು. ತಿಳಿದ ಬೆಲೆಯೊಂದಿಗೆ, ಅಲ್ಲಿಂದಿಟ್ಟ ಹೆಜ್ಜೆಯನ್ನು ಅಲ್ಲಿಯ ಏರಿಕೆಯ ದರದಿಂದ ಗುಣಿಸಿ ಕೂಡಿಸಬೇಕು, ಬಳಿಕ ಹೆಜ್ಜೆಯ ವರ್ಗದ ಅರ್ಧವನ್ನು ದರದ ದರದಿಂದ ಗುಣಿಸಿ ಸೇರಿಸಬೇಕು, ಹೀಗೆಯೇ ಮುಂದೆ. ಸೈನಿನ ದರ ಕೊಸೈನ್. 3 ಕಲೆಯೆಂದರೆ 0.00087 ರೇಡಿಯನ್, ಅದನ್ನು 0.964ರಿಂದ ಗುಣಿಸಿದರೆ 0.00084, ನಾಲ್ಕನೆಯ ದಶಮಾಂಶ ಸ್ಥಾನದಲ್ಲಿ ಎಂಟು. ಮುಂದಿನ ಪದವು ಏಳನೆಯ ಸ್ಥಾನಕ್ಕಷ್ಟೇ ಮುಟ್ಟುವುದರಿಂದ ಕೋಷ್ಟಕವು ಅದನ್ನು ನಿಶ್ಚಿಂತೆಯಿಂದ ಬಿಟ್ಟಿದೆ. ನನಗಿದು ಹೊಳೆದದ್ದು ಪರೀಕ್ಷೆಗಳೆಲ್ಲ ಮುಗಿದು ಎಷ್ಟೋ ವರ್ಷಗಳಾದ ಮೇಲೆ. ಅಂದಿನ ಆನಂದ ಇನ್ನೂ ಆರಿಲ್ಲ.

ಇದೇ ಕೋನಕ್ಕೆ ಸೊನ್ನೆಯಿಂದ ಹೊರಟರೆ, ಮೊದಲ ಪದದಿಂದ 0.26965, ಘನವನ್ನು ಆರರಿಂದ ಭಾಗಿಸಿ ಕಳೆದಾಗ 0.26639, ಐದನೆಯ ಘಾತದ ಪದವನ್ನೂ ಕೂಡಿಸಿದಾಗ 0.26640 ದೊರೆಯುತ್ತದೆ. ದಾರಿ ಸರಿಯೇ, ಆದರೆ ಹೆಜ್ಜೆ ದೊಡ್ಡದಾದುದರಿಂದ ಪದಗಳೂ ಹೆಚ್ಚು ಬೇಕಾದುವು. ಸೂತ್ರವನ್ನು ತಪ್ಪಿಲ್ಲದೆ ಒಪ್ಪಿಸುವ ಹುಡುಗರು ಪ್ರತಿಯೊಂದು ಲೆಕ್ಕಕ್ಕೂ ಸೊನ್ನೆಯಿಂದಲೇ ಹೊರಡುವುದನ್ನು ಕಂಡಾಗ ನನಗೆ ವ್ಯಥೆಯಾಗುತ್ತದೆ. ಎಲ್ಲಿ ನಿಂತು ಅಳೆಯಬೇಕೆಂಬ ವಿವೇಕವೇ ಈ ಶ್ರೇಢಿಯ ಪ್ರಯೋಗದಲ್ಲಿ ಮುಖ್ಯವಾದುದು. ಕೆಲವೆಡೆ ಅದು ಶ್ರಮದ ಮಾತಷ್ಟೇ ಅಲ್ಲ: 1 + x ಎಂಬುದರ ಲಾಗರಿದಮ್ಮಿನ ಶ್ರೇಢಿಯಲ್ಲಿ x ಎಂಬಲ್ಲಿ 2 ಅನ್ನಿಟ್ಟರೆ ಪದಗಳು ಬೆಳೆಯುತ್ತಲೇ ಹೋಗಿ ಉತ್ತರವೇ ಕೈಗೆ ಸಿಕ್ಕುವುದಿಲ್ಲ.

ಈ ವಿಚಾರಗಳು ನಮ್ಮ ನಾಡಿನಲ್ಲಿ ಟೇಲರನಿಗಿಂತ ಮೊದಲೇ ಮೂಡಿದ್ದುವು. ಸಹ್ಯಾದ್ರಿಯ ಆಶ್ರಯದ ಊರಿನವನೆಂದು ತನ್ನನ್ನು ಹೇಳಿಕೊಂಡ ಭಾಸ್ಕರಾಚಾರ್ಯನು 1150ರ ‘ಸಿದ್ಧಾಂತಶಿರೋಮಣಿ’ಯಲ್ಲಿ ಗ್ರಹಗಳ ತಾತ್ಕಾಲಿಕ ಗತಿಯನ್ನು ಗಣಿಸುವಾಗ, ಜ್ಯಾದ, ಎಂದರೆ ಸೈನಿನ, ವ್ಯತ್ಯಾಸವು ಕೋಟಿಜ್ಯಾವನ್ನು, ಎಂದರೆ ಕೊಸೈನನ್ನು, ಅನುಸರಿಸುವುದೆಂಬುದನ್ನು ಅರಿತಿದ್ದನು. ಅವನ ಬಳಿಕ 14ನೆಯ ಶತಮಾನದಲ್ಲಿ ಕೇರಳದ ಸಂಗಮಗ್ರಾಮದ ಮಾಧವನು, ಟೇಲರನಿಗಿಂತ ಸುಮಾರು ಮುನ್ನೂರು ವರ್ಷ ಮೊದಲೇ, ಸೊನ್ನೆಯಿಂದ ಹೊರಡುವ ಸೈನ್ ಶ್ರೇಢಿಯನ್ನು ಕಂಡುದಲ್ಲದೆ, ಕೋಷ್ಟಕದ ಸಮೀಪದ ಜ್ಯಾದಿಂದ ಹೊರಟು ವರ್ಗದ ಪದವನ್ನೂ ಸೇರಿಸಿ ನಡುವಣ ಬೆಲೆಯನ್ನು ಪಡೆಯುವ ಕ್ರಮವನ್ನೂ ತನ್ನ ಪರಂಪರೆಗೆ ಕೊಟ್ಟನು. 225 ಕಲೆಗಳಿಗೊಂದರಂತೆ 24 ಜ್ಯಾಗಳುಳ್ಳ ಅವನ ಕೋಷ್ಟಕದಲ್ಲಿ ನಾಲ್ಕನೆಯದು ಸರಿಯಾಗಿ 15 ಅಂಶದ್ದು. ಅಲ್ಲಿಂದ ಧಾರವಾಡಕ್ಕೆ ಉಳಿಯುವುದು 27 ಕಲೆ ಮಾತ್ರ. ದರದ ಪದವೊಂದನ್ನೇ ಕೂಡಿಸಿದರೆ 0.26641; ವರ್ಗದ ಪದವನ್ನೂ ಕಳೆದರೆ 0.26640.