ಸೊಂಟದ ನೋವು, ಮಾತ್ರೆ ಡಬ್ಬಿ

ಕಳೆದ ವಾರ ಚಿಕ್ಕಪ್ಪನ ಮಗ ಫೋನ್ ಮಾಡಿದ್ದ. "ಅಣ್ಣಾ, ಎಂ.ಆರ್.ಐ. ರಿಪೋರ್ಟಲ್ಲಿ ಎ.ವಿ.ಎನ್. ಅಂತ ಬರ್ದಿದಾರೆ, ಸ್ವಲ್ಪ ಗೂಗಲ್ ಮಾಡಿ ಹೇಳ್ತೀಯಾ?" ಮನೇಲೊಬ್ಬ ಸಾಫ್ಟ್‌ವೇರ್ ಇಂಜಿನಿಯರ್ ಇದ್ದರೆ ಪ್ರಿಂಟರ್ ರಿಪೇರಿಯಿಂದ ಮೂಳೆ ರಿಪೇರಿವರೆಗೆ ಎಲ್ಲಾ ಅವನ ತಲೆಗೇ!

ಎ.ವಿ.ಎನ್. ಅಂದರೆ ತೊಡೆಮೂಳೆಯ ಮೇಲ್ತುದಿಯ ಗುಂಡಿಗೆ ರಕ್ತ ಸಿಗದೆ ಆ ಭಾಗದ ಮೂಳೆ ಸಾಯುವುದು. ತುಂಬಾ ದಿನ ಸ್ಟೀರಾಯ್ಡ್ ತಗೊಂಡವರಿಗೆ, ವಿಪರೀತ ಕುಡಿಯುವವರಿಗೆ, ಸೊಂಟದ ಹತ್ತಿರ ಮೂಳೆ ಮುರಿದವರಿಗೆ ಬರಬಹುದು. 2021ರಲ್ಲಿ ಕೋವಿಡ್‌ಗೆ ಸ್ಟೀರಾಯ್ಡ್ ತಗೊಂಡವರಲ್ಲೂ ಮುಂಬೈ ವೈದ್ಯರು ಇದನ್ನು ಕಂಡರು. ನನ್ನ ತಮ್ಮ ಚರ್ಮದ ಕಾಯಿಲೆಗೆ ಸ್ಟೀರಾಯ್ಡ್ ತಗೊಂಡಿದ್ದ. ತೊಡೆಸಂದಿನಲ್ಲಿ ನೋವು ಶುರುವಾದಾಗ ಎಕ್ಸ್-ರೇ ತೆಗೆಸಿದ, ನಾರ್ಮಲ್ ಬಂತು. ಆಮೇಲೆ ಆರು ತಿಂಗಳು ಕ್ಯಾಲ್ಸಿಯಂ, ವಿಟಮಿನ್ ಡಿ, ಮೇಲೊಂದು ಜಾಯಿಂಟ್ ಪೌಡರು...

ನನ್ನ ಸಿಟ್ಟು ಇರೋದು ಇಲ್ಲೇ. ವಿಟಮಿನ್ ಕೆಟ್ಟದ್ದು ಅಂತಲ್ಲ. ಡಿ ಕಮ್ಮಿ ಇದ್ದರೆ ತಗೋಬೇಕು, ಸರಿ. ವಿಟಮಿನ್ ಇ ಕೊಟ್ಟ ಮೊಲಗಳಿಗೆ ಸ್ಟೀರಾಯ್ಡಿನಿಂದ ಮೂಳೆ ಸಾಯೋದು ಕಡಿಮೆ ಆಯ್ತು ಅನ್ನೋ ಪ್ರಯೋಗವೂ ಇದೆ. ಆದರೆ ಮೊಲಕ್ಕೆ ಕೊಟ್ಟಿದ್ದು ಮುಂಜಾಗ್ರತೆಗೆ, ಸತ್ತ ಮೂಳೆಯನ್ನ ಬದುಕಿಸೋಕಲ್ಲ. ಎಕ್ಸ್-ರೇಗೆ ಶುರುವಿನಲ್ಲಿ ಈ ಕಾಯಿಲೆ ಕಾಣೋದಿಲ್ಲ, ಎಂ.ಆರ್.ಐ.ಗೆ ಕಾಣುತ್ತೆ. ಆ ಗುಂಡು ಕುಸಿಯುವ ಮೊದಲಿನ ತಿಂಗಳುಗಳೇ ಇದರಲ್ಲಿ ಬಂಗಾರ. ಅದನ್ನ ನಾವು ಡಬ್ಬಿ ಖಾಲಿ ಮಾಡೋದ್ರಲ್ಲಿ ಕಳೆದ್ವಿ. ಪೌಡರಿನ ದುಡ್ಡಲ್ಲಿ ಅರ್ಧ ಸ್ಕ್ಯಾನ್ ಆಗ್ತಿತ್ತು!

ಹಾಗಾದ್ರೆ ಔಷಧಿ? ಹೆಚ್ಚು ಚರ್ಚೆಯಲ್ಲಿರೋದು ಅಲೆಂಡ್ರೊನೇಟ್, ಮೂಳೆ ಸವೆತಕ್ಕೆ ಕೊಡುವ ಮಾತ್ರೆ. ಇದರ ಲಾಜಿಕ್ ನನಗೆ ಇಷ್ಟವಾಯ್ತು. ಸತ್ತ ಮೂಳೆ ತಾನಾಗಿ ಕುಸಿಯೋದಿಲ್ಲ. ದೇಹ ರಿಪೇರಿಗೆ ಇಳಿದು ಹಳೆಯದನ್ನ ಕೆರೆದು ತೆಗೆಯುತ್ತೆ, ಹೊಸದು ಕಟ್ಟೋದು ನಿಧಾನ, ಮಧ್ಯದಲ್ಲಿ ಮೈಭಾರಕ್ಕೆ ಗುಂಡು ಕುಸಿಯುತ್ತೆ. ಮಾತ್ರೆ ಆ ಕೆರೆಯುವ ಕೋಶಗಳ ಕೈ ಕಟ್ಟಿಹಾಕುತ್ತೆ. 2005ರಲ್ಲಿ ತೈವಾನಿನ ಅಧ್ಯಯನದಲ್ಲಿ ಮಾತ್ರೆ ತಗೊಂಡವರ 29 ಸೊಂಟಗಳಲ್ಲಿ ಕುಸಿದದ್ದು 2, ತಗೊಳ್ಳದವರ 25ರಲ್ಲಿ 19! 2009ರಲ್ಲಿ ಮುಂಬೈನ ಡಾ. ಸಂಜಯ್ ಅಗರ್ವಾಲಾ ತಂಡ 395 ಸೊಂಟಗಳ ಒಳ್ಳೆಯ ಫಲಿತಾಂಶ ಪ್ರಕಟಿಸಿತು, ಆದರೆ ಅದರಲ್ಲಿ ಹೋಲಿಕೆಗೆ ಮಾತ್ರೆ ತಗೊಳ್ಳದ ಗುಂಪೇ ಇರಲಿಲ್ಲ. 2012ರಲ್ಲಿ ಅದೇ ತೈವಾನಿನಲ್ಲಿ ಹಲವು ಆಸ್ಪತ್ರೆ ಸೇರಿ, ಯಾರಿಗೆ ಅಸಲಿ ಯಾರಿಗೆ ನಕಲಿ ಮಾತ್ರೆ ಅಂತ ಗೊತ್ತಾಗದ ಹಾಗೆ ಕೊಟ್ಟು ನೋಡಿದಾಗ ಗಮನಾರ್ಹ ವ್ಯತ್ಯಾಸ ಸಿಗಲಿಲ್ಲ. ಒಂದು ಮಷೀನಲ್ಲಿ ಓಡಿದ ಕೋಡು ಇನ್ನೊಂದರಲ್ಲಿ ಓಡದ ಹಾಗೆ.

ಆದರೂ ಶುರುವಿನ ಹಂತದಲ್ಲಿರುವವರು ವೈದ್ಯರ ಹತ್ತಿರ ಇದನ್ನ ಕೇಳಲೇಬೇಕು ಅನ್ನೋದು ನನ್ನ ಅಭಿಪ್ರಾಯ. ಗುಂಡು ಕುಸಿದ ಮೇಲೆ ಅದನ್ನ ಮತ್ತೆ ದುಂಡಗೆ ಮಾಡೋ ಮಾತ್ರೆ ಇಲ್ಲ, ಕೊನೆಗೆ ಬಹಳಷ್ಟು ಜನಕ್ಕೆ ಕೃತಕ ಕೀಲೇ ಗತಿ. ಇಪ್ಪತ್ತಾರಕ್ಕೇ ಕೃತಕ ಕೀಲು ಹಾಕಿಸಿಕೊಂಡರೆ ಅದು ಸವೆದು ಇನ್ನೊಂದು ಆಪರೇಷನ್ನಿಗೆ ತಯಾರಿರಬೇಕು. ಅಂಗಡಿಯಿಂದ ತಂದು ನುಂಗೋ ಮಾತ್ರೆಯಂತೂ ಇದಲ್ಲ. ಖಾಲಿ ಹೊಟ್ಟೇಲಿ ಲೋಟದ ತುಂಬಾ ನೀರಿನ ಜೊತೆ ತಗೊಂಡು ಅರ್ಧ ಗಂಟೆ ಮಲಗಬಾರದು.

ತಮ್ಮನಿಗೆ ಬಲಗಡೆ ಮೂಳೆ ಕೊರೆದು ಒತ್ತಡ ಇಳಿಸುವ ಆಪರೇಷನ್ ಅಂತ ತೀರ್ಮಾನವಾಗಿದೆ. ಎಡಗಡೆ ಈಗಷ್ಟೇ ಶುರು, ಅದಕ್ಕೆ ಈ ಮಾತ್ರೆ. "ಮೊದಲು ಡೆಂಟಿಸ್ಟ್ ಹತ್ರ ಹೋಗಿ ಬಾ" ಅಂದೆ. "ಸೊಂಟಕ್ಕೂ ಹಲ್ಲಿಗೂ ಏನಣ್ಣ ಸಂಬಂಧ?" ಅಂದ. ಸೊಂಟದ ಮೂಳೆ ಉಳಿಸೋಕೆ ಕೊಡುವ ಇದೇ ಮಾತ್ರೆಯಿಂದ ಅಪರೂಪಕ್ಕೆ ದವಡೆಯ ಮೂಳೆ ಸಾಯುತ್ತೆ ಕಣೋ ಅಂದಾಗ ಐದು ಸೆಕೆಂಡು ಫೋನಲ್ಲಿ ಸದ್ದೇ ಇಲ್ಲ.